ಆರನೆಯ ಕಾರ್ಡು

ಅಕ್ಟೋಬರ್ ೪

ಗುಂಡುಪಿನ್ನಿನ ಅಮ್ಮನಿಗೆ,

ಇದನ್ನು ಬರೆಯದೆಯೇ ಬಿಡುವವಳಿದ್ದೆ: ನಾನು ಆಸ್ಪತ್ರೆಗೆ ಬಂದಿದ್ದೆ. ಮೂರನೆಯ ದಿನ, ಸಂಜೆ ಐದರ ಹೊತ್ತಿಗೆ. ಎರಡು ಮಹಡಿ ಹತ್ತಿ ವಾರ್ಡಿನ ಬಾಗಿಲ ತನಕ ಬಂದೆ. ಗಾಜಿನಲ್ಲಿ ನಿಮ್ಮ ಬೆನ್ನು ಕಾಣಿಸಿತು. ನೀವು ಮಂಚದ ಪಕ್ಕ ನಿಂತು ಆಸ್ಪತ್ರೆಯ ಹೊದಿಕೆಯೊಂದನ್ನು ಮಡಿಸುತ್ತಿದ್ದಿರಿ. ಅಂಚಿಗೆ ಅಂಚು ಸೇರಿಸಿ ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಿರಿ. ನಿಮ್ಮ ಲಾಂಡ್ರಿಯಲ್ಲಿ ಕೂಡ ಹೀಗೇ ಮಡಿಸುತ್ತೀರೇನೋ. ನಾನು ಒಳಗೆ ಬರಲಿಲ್ಲ. ಕಿತ್ತಳೆ ಹಣ್ಣಿನ ಚೀಲವನ್ನು ನರ್ಸ್ ಕೈಗೆ ಕೊಟ್ಟು ಇಳಿದುಬಿಟ್ಟೆ.

ಯಾಕೆ ಬರಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಸಿಕ್ಕ ಉತ್ತರಗಳೆಲ್ಲ ನನಗೆ ಅನುಕೂಲವಾದವೇ, ಹಾಗಾಗಿ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಹದಿನೆಂಟು ವರ್ಷದಿಂದ ಎರಡನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಶಾಲೆಯ ಮೈದಾನದಲ್ಲಿ ಸಿಡಿಲಿಗೆ ಸಿಕ್ಕಿ ಬಿದ್ದ ಮಗುವಿನ ತಾಯಿಗೆ ಪತ್ರ ಬರೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ತರಗತಿಯಲ್ಲಿ ಹವಾಮಾನದ ಬಟ್ಟೆ ಕಿಟಕಿಯ ಪಕ್ಕ ಹಾಗೆಯೇ ತೂಗುತ್ತಿದೆ. ನಿಮಗೆ ಅವಳು ಹೇಳಿರುತ್ತಾಳೆ: ಐದು ಕಿಸೆ, ಐದು ಕಾರ್ಡು. ಬಿಸಿಲು, ಮೋಡ, ಮಳೆ, ಗಾಳಿ, ಮಂಜು. ದಿನಕ್ಕೊಬ್ಬರು ಹವಾಮಾನದ ಮಂತ್ರಿ. ಮಂತ್ರಿಯಾದವರು ಕಿಟಕಿಯ ಹತ್ತಿರ ನಿಂತು ಆಕಾಶ ನೋಡಿ ಮೇಲಿನ ಕೊಕ್ಕೆಗೆ ಕಾರ್ಡು ಸಿಕ್ಕಿಸಬೇಕು, ಉಳಿದ ಮಕ್ಕಳ ಹಾಗೆಯೇ ತಮ್ಮ ಪುಸ್ತಕದಲ್ಲೂ ಬರೆಯಬೇಕು, ಹನ್ನೆರಡು ಗಂಟೆಗೆ ಮೈದಾನಕ್ಕೆ ಹೋಗಿ ಮಳೆಬಾಟಲಿಯಲ್ಲಿ ಎಷ್ಟು ನೀರಿದೆ ನೋಡಿ ಬರಬೇಕು. ಈಗ ಯಾರೂ ಮಂತ್ರಿಯಾಗಲು ಒಪ್ಪುತ್ತಿಲ್ಲ. ಸೆಪ್ಟೆಂಬರ್ ಒಂಬತ್ತರಂದು ನಿಮ್ಮ ಮಗಳು, ನಮ್ಮೆಲ್ಲರ ಗುಂಡುಪಿನ್ನು, ಹಾಕಿದ ಮೋಡದ ಕಾರ್ಡೇ ಕೊಕ್ಕೆಯಲ್ಲಿದೆ.

ಅವಳ ಹವಾಮಾನದ ಪುಸ್ತಕ ನನ್ನ ಹತ್ತಿರ ಇದೆ. ಕಳಿಸಲೇ? ಅವಳು ಹೇಗಿದ್ದಾಳೆ?

ನಿಮ್ಮ ಮಗಳ ಟೀಚರ್


ಅಕ್ಟೋಬರ್ ೧೫

ಟೀಚರ್,

ಕಾಗದ ಸುತ್ತಿ ಬಳಸಿ ಇಲ್ಲಿಗೆ ಬಂತು. ನಾವು ಆ ಊರಲ್ಲಿಲ್ಲ, ಅಕ್ಕನ ಮನೆಗೆ ಬಂದುಬಿಟ್ಟಿದೀವಿ. ಲಾಂಡ್ರಿ ಬಾಗಿಲು ಹಾಕಿದೆ. ಇಲ್ಲಿ ಅಕ್ಕನ ಮಾಳಿಗೆ ಮೇಲೆ ನಾಲ್ಕು ಹಗ್ಗ ಕಟ್ಟಿ, ಎರಡು ಲಾಡ್ಜಿನ ಬಟ್ಟೆ ಒಗೀತಿದೀನಿ.

ಕಿತ್ತಳೆ ಸಿಕ್ತು. "ಕನ್ನಡಕದೋರು ಒಬ್ರು, ಮೆಟ್ಟಿಲ ಮೇಲೆ ಕೂತು ಅತ್ರು" ಅಂತ ನರ್ಸ್ ಹೇಳಿದ್ಲು. ನೀವೇ ಅಂತ ಆಗ್ಲೇ ಗೊತ್ತಾಯ್ತು. ಅಲ್ಲಾ ಟೀಚರ್, ಎರಡು ಮಹಡಿ ಹತ್ತಿದೋರಿಗೆ ಹತ್ತು ಹೆಜ್ಜೆ ಭಾರ ಆಯ್ತಾ? ಬೈತಿಲ್ಲ. ಆ ದಿನ ಯಾರಾದ್ರೂ ಬಂದು ಪಕ್ಕದಲ್ಲಿ ಸುಮ್ನೆ ನಿಂತಿದ್ರೆ ಸಾಕು ಅನ್ನಿಸ್ತಿತ್ತು, ಅದಕ್ಕೆ ಹೇಳ್ದೆ.

ಹೇಗಿದಾಳೆ ಅಂದ್ರಲ್ಲ. ಎಡಗಿವಿ ಹೋಯ್ತು. ಬಲಗಿವಿ ಇದೆ. ಭುಜದ ಸುಟ್ಟ ಗಾಯ ಒಣಗಿದೆ, ಗುರುತು ಉಳಿಯುತ್ತೆ. ನೀವು ಫೋನ್ ಮಾತ್ರ ಮಾಡಬೇಡಿ. ಫೋನ್ ಹೊಡ್ಕೊಂಡ್ರೆ ಮಂಚದ ಕೆಳಗೆ ಹೋಗಿ ಕೂರ್ತಾಳೆ. ಅಕ್ಕನ ಮಿಕ್ಸಿಗೂ ಹಾಗೇ. ಅಕ್ಕ ಈಗ ಎಲ್ಲ ಕಲ್ಲಲ್ಲಿ ಕುಟ್ತಾಳೆ, ಪಾಪ, ತೋಳು ಗಟ್ಟಿಯಾಯ್ತು ಅಂತ ನಗ್ತಾಳೆ.

ಒಂದು ವಿಷಯಕ್ಕೆ ನಿಮ್ಮ ಸಹಾಯ ಬೇಕು. ಇವಳು ಒಂದೇ ಸಮ ಹೇಳ್ತಾಳೆ: "ನಾನು ಕೇಳ್ದೆ ಅಮ್ಮ. ಮಿಸ್ ಹೋಗು ಅಂದ್ರು." ಶಾಲೆಯಿಂದ ಬಂದ ಕಾಗದ ನನ್ನ ಹತ್ರ ಇದೆ. "ವಿದ್ಯಾರ್ಥಿನಿ ಯಾರನ್ನೂ ಕೇಳದೆ ತರಗತಿಯಿಂದ ಹೊರಗೆ ಹೋಗಿದ್ದಾಳೆ" ಅಂತ ಇದೆ, ಕೆಳಗೆ ನಿಮ್ಮ ಸಹಿ. ನೀವು ಸುಳ್ಳು ಬರೆಯೋರಲ್ಲ. ಪೆಟ್ಟಾದಾಗ ನೆನಪು ಹಿಂದೆಮುಂದೆ ಆಗುತ್ತೆ ಅಂತ ಡಾಕ್ಟರೂ ಹೇಳಿದಾರೆ. ಆದ್ರೆ ಬಂದೋರ ಮುಂದೆಲ್ಲ ಟೀಚರ್ ಮೇಲೆ ತಪ್ಪು ಹೊರಿಸ್ತಾಳಲ್ಲ ಅಂತ ಹೋದ ವಾರ ನನಗೆ ತಡೀಲಿಲ್ಲ. ಹೊಡೆದೆ ಟೀಚರ್. ಕೆನ್ನೆಗೆ. ಕೇಳಿಸೋ ಕಿವಿ ಕಡೆನೇ ಬಿತ್ತು. ಆಮೇಲೆ ನಾನು ಹೋಗಿ ಬಚ್ಚಲಲ್ಲಿ ಕೂತೆ.

ನೀವು ಅವಳಿಗೇ ಎರಡು ಸಾಲು ಬರೀರಿ. ನನ್ನ ಮಾತಿಗಿಂತ ನಿಮ್ಮ ಮಾತು ಅವಳಿಗೆ ಹೆಚ್ಚು. "ನೀನು ಕೇಳಿರಲಿಲ್ಲ ಪುಟ್ಟ, ಪರವಾಗಿಲ್ಲ" ಅಂತ ಸಮಾಧಾನವಾಗಿ ಬರೆದ್ರೆ ಬಿಟ್ಟುಬಿಡ್ತಾಳೆ. ಪುಸ್ತಕನೂ ಕಳಿಸಿ.

ಇಲ್ಲಿ ಇವತ್ತು ಬಿಸಿಲು. ಇಪ್ಪತ್ತಾರು ಹೊದಿಕೆ ಒಣಗಿದ್ವು.

ಗುಂಡುಪಿನ್ನಿನ ಅಮ್ಮ


ಅಕ್ಟೋಬರ್ ೨೪

ನನ್ನ ಗುಂಡುಪಿನ್ನಿಗೆ,

ಹೇಗಿದ್ದೀಯ ಪುಟ್ಟ? ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ. ನಿನ್ನ ಮೊಂಡು ಪೆನ್ಸಿಲ್ ಡಬ್ಬಿಯಲ್ಲಿ ಹಾಗೆಯೇ ಇದೆ.

ಮಂಜಿನ ಪಾಠ ನೆನಪಿದೆಯಾ? ಮಂಜಿನಲ್ಲಿ ಮರ ಮನುಷ್ಯನ ಹಾಗೆ ಕಾಣುತ್ತದೆ, ಕಂಬ ಆನೆಯ ಕಾಲಿನ ಹಾಗೆ ಕಾಣುತ್ತದೆ ಎಂದು ನೀನೇ ಹೇಳಿದ್ದೆ, ಎಲ್ಲರೂ ನಕ್ಕಿದ್ದರು. ತಲೆಗೆ ದೊಡ್ಡ ಪೆಟ್ಟಾದಾಗ ತಲೆಯೊಳಗೂ ಮಂಜು ತುಂಬುತ್ತದೆ. ಆಗ ಯಾರೂ ಆಡದ ಮಾತು ಆಡಿದ ಹಾಗೆ ಅನ್ನಿಸಬಹುದು. ಅದು ಸುಳ್ಳು ಹೇಳಿದ ಹಾಗಲ್ಲ. ನೀನು ಕೆಟ್ಟ ಹುಡುಗಿಯಲ್ಲ. ನಿನ್ನ ಮೇಲೆ ಯಾರಿಗೂ ಕೋಪವಿಲ್ಲ.

ಅಮ್ಮನ ಮಾತು ಕೇಳು. ನಿನ್ನ ಪುಸ್ತಕ ಈ ಪತ್ರದ ಜೊತೆಗಿದೆ.

ನಿನ್ನ ಮಿಸ್


ನವೆಂಬರ್ ೨೧

ಟೀಚರ್,

ನಿಮ್ಮ ಕಾಗದ ಕೆಲಸ ಮಾಡ್ತು. ಅವಳೇ ಓದಿಕೊಂಡ್ಲು, ಎರಡು ಸಲ. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟು "ಸರಿ" ಅಂದ್ಲು. ಅವತ್ತಿಂದ ಆ ಮಾತು ಎತ್ತಿಲ್ಲ.

ಎತ್ತಿಲ್ಲ ಅಂತ ಸಮಾಧಾನ ಆಗ್ಬೇಕಿತ್ತು.

ನಿಮಗೆ ಗೊತ್ತಲ್ಲ, ನನ್ನ ಕೆಲಸ ನಿಂತಿರೋದೇ ಆಕಾಶದ ಮೇಲೆ. ಮೊದಲು ಬೆಳಿಗ್ಗೆ ಎದ್ದ ಕೂಡಲೇ ಇವಳು ಮೇಲೆ ಓಡಿ ನೋಡಿ ಬಂದು ಅಪ್ಪಣೆ ಕೊಡೋಳು. "ಅಮ್ಮಾ, ಇವತ್ತು ಬಿಳಿ ಬಟ್ಟೆ ಹಾಕಬೇಡ. ಮೋಡ ಸೊಂಟದಷ್ಟು ಕೆಳಗಿದೆ." ನಾನು, "ಆಗ್ಲಿ ಮಂತ್ರಿಗಳೇ" ಅನ್ನೋಳು. ಹತ್ತರಲ್ಲಿ ಒಂಬತ್ತು ಸಲ ಸರಿ ಇರೋದು. ನೀವೇ ಕಲಿಸಿದ್ದಲ್ವಾ.

ಹೋದ ಸೋಮವಾರ ನಾನು ಕೆಳಗೆ ಒಗೀತಿದ್ದೆ. ಇವಳು ಮೇಲಿನ ಕಿಟಕಿ ಹತ್ರ ಕೂತಿದ್ಲು. "ಹನಿ ಬೀಳ್ತಿದೆಯಾ ನೋಡೇ" ಅಂತ ಕೂಗಿದೆ. ಕೇಳಿಸಲಿಲ್ಲವೇನೋ ಅಂತ ಮೇಲೆ ಹೋದೆ. ಟೀಚರ್, ಕಿಟಕಿ ಗಾಜಿನ ಮೇಲೆ ನೀರು ಇಳೀತಿದೆ. ಇವಳು ಅದನ್ನೇ ನೋಡ್ತಾ ಕೂತಿದಾಳೆ. "ಮಳೆ ಬರ್ತಿದೆ ಅಂತ ಹೇಳೋಕೆ ಏನಾಗಿತ್ತೇ?" ಅಂದೆ. ನನ್ನ ಮುಖ ನೋಡಿ, "ನಂಗೆ ಹೇಗೆ ಗೊತ್ತಾಗತ್ತಮ್ಮ? ನೀನೇ ಹೇಳು" ಅಂದ್ಲು.

ತಮಾಷೆ ಅಂದ್ಕೊಂಡೆ. ತಮಾಷೆ ಅಲ್ಲ.

ಊಟ ಆಯ್ತಾ ಅಂದ್ರೆ ಅಕ್ಕನ ಮುಖ ನೋಡ್ತಾಳೆ. ನೋವಾ ಅಂದ್ರೆ ನನ್ನ ಮುಖ ನೋಡ್ತಾಳೆ. ನಾವು ಹೌದು ಅಂದ್ರೆ ಹೌದು.

ಇನ್ನೊಂದು. ಪುಸ್ತಕ ತಿರುವಿ ನೋಡಿದೆ. ಮೊದಲನೇ ಪುಟದಲ್ಲಿ ನೀವು ಕೆಂಪು ಶಾಯಿಯಲ್ಲಿ ಬರೆದಿದೀರಿ, "ಕಂಡದ್ದನ್ನು ಬರೆ, ಅಂದುಕೊಂಡದ್ದನ್ನಲ್ಲ." ಚೆನ್ನಾಗಿದೆ. ಅವಳ ಅಕ್ಷರ ಸೆಪ್ಟೆಂಬರ್ ಎಂಟರವರೆಗೆ ಇದೆ. ಆಮೇಲೆ ಒಂದು ಹಾಳೆ ಇಲ್ಲ. ಉದುರಿಲ್ಲ, ಹರಿದಿಲ್ಲ. ಬ್ಲೇಡಿನಲ್ಲಿ ಕೊಯ್ದಿದೆ. ನಾನು ಬಟ್ಟೆ ಕೆಲಸದೋಳು ಟೀಚರ್. ಹರಿದದ್ದು ಯಾವುದು, ಕತ್ತರಿಸಿದ್ದು ಯಾವುದು ಅಂತ ಬೆರಳಿಗೇ ಗೊತ್ತಾಗುತ್ತೆ.

ಯಾರು ಕೊಯ್ದಿದ್ದು?

ಗುಂಡುಪಿನ್ನಿನ ಅಮ್ಮ


ಜನವರಿ ೯

ಟೀಚರ್,

ಏಳು ವಾರ ಆಯ್ತು. ಉತ್ತರ ಇಲ್ಲ. ಅಂಚೆಯವನನ್ನ ಕೇಳಿ ಕೇಳಿ ಅವನಿಗೇ ನಾಚಿಕೆ ಆಗಿದೆ. "ನಾನೇ ಒಂದು ಬರೆದು ತರ್ಲಾ ಅಕ್ಕಾ?" ಅಂತಾನೆ.

ಹೆಗಲು ಮುಟ್ಟಿ ನೋಡ್ಕೊಂಡ ಕುಂಬಳಕಾಯಿ ಕಳ್ಳನ ಕತೆ ಕೇಳಿದೀನಿ. ಹೆಗಲೇ ತೋರಿಸದೆ ಬಚ್ಚಿಟ್ಟುಕೊಂಡೋರನ್ನ ಈಗ ನೋಡ್ತಿದೀನಿ. ಮಾತು ಒರಟಾಯ್ತು. ಆಗ್ಲಿ.

ಹೋದ ಗುರುವಾರ ಒಣಗಿದ ಬಟ್ಟೆ ಕೊಡೋಕೆ ಲಾಡ್ಜಿಗೆ ಹೋಗಿದ್ದೆ. ಇವಳನ್ನ ಮಾಳಿಗೆ ಮೇಲೆ ಕ್ಲಿಪ್ಪಿನ ಬುಟ್ಟಿ ಕಾಯೋಕೆ ಬಿಟ್ಟಿದ್ದೆ. ದಾರಿಯಲ್ಲಿ ಜಡಿಮಳೆ ಹಿಡ್ಕೊಳ್ತು. ಅಂಗಡಿ ಮುಂದೆ ಅರ್ಧ ಗಂಟೆ ನಿಂತೆ. ಒಳಗೆ ಹೋಗಿರ್ತಾಳೆ ಬಿಡು ಅಂದ್ಕೊಂಡೆ. ಬಂದು ನೋಡಿದ್ರೆ ಹಗ್ಗದ ಕೆಳಗೆ ಬುಟ್ಟಿ ಹಿಡ್ಕೊಂಡು ನಿಂತಿದಾಳೆ. ಮೈಯೆಲ್ಲ ತೊಪ್ಪೆ. ತುಟಿ ನೀಲಿ. ಪ್ಲಾಸ್ಟಿಕ್ ಬುಟ್ಟಿ ತುಂಬ ನೀರು. "ಮಳೆ ಬಂದ್ರೆ ಒಳಗೆ ಹೋಗೋಕೆ ಆಗಲ್ವೇನೇ!" ಅಂತ ಎಳ್ಕೊಂಡು ಹೋದೆ. ಹಲ್ಲು ಕಟಕಟ ಅಂತಿದ್ರೂ ಅವಳು ಕೇಳಿದ್ದು ಒಂದೇ: "ಮಳೆ ಬರ್ತಿತ್ತಾ?"

ನಾಲ್ಕು ದಿನ ಜ್ವರ. ಈಗ ಇಳಿದಿದೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ಅಕ್ಕ ಗಾದೆ ಹೇಳ್ತಾಳೆ. ಯಾರ ಹತ್ರ ಪ್ರಮಾಣಿಸಬೇಕು ಟೀಚರ್? ಇವಳು ಕಂಡದ್ದೂ ಸುಳ್ಳು, ಕೇಳಿದ್ದೂ ಸುಳ್ಳು ಅಂತ ನಾವಿಬ್ರೂ ಸೇರಿ ಒಪ್ಪಿಸಿದೀವಿ. ನಾನು ಕೈಯಲ್ಲಿ, ನೀವು ಕಾಗದದಲ್ಲಿ. ಇವತ್ತು ಮಳೆಯಲ್ಲಿ ನಿಂತೋಳು ನಾಳೆ ಲಾರಿ ಮುಂದೆ ನಿಲ್ತಾಳೆ. "ಲಾರಿ ಬರ್ತಿತ್ತಾ?" ಅಂತ ಕೇಳೋಕೆ ಆಗ ಅವಳೂ ಇರಲ್ಲ.

ಒಂದೇ ಪ್ರಶ್ನೆ. ಅವಳು ನಿಮ್ಮನ್ನ ಕೇಳಿದ್ಲಾ, ಇಲ್ವಾ?

ಅವಳ ಅಮ್ಮ


ಫೆಬ್ರವರಿ ೧೪, ಶನಿವಾರ

ಗುಂಡುಪಿನ್ನಿನ ಅಮ್ಮನಿಗೆ,

ಹೌದು. ಅವಳು ಕೇಳಿದ್ದಳು.

ಈ ಸಾಲನ್ನು ಮೊದಲು ಬರೆದಿದ್ದೇನೆ. ಹಿಂದೆ ಬರೆದು ಹರಿದ ಪತ್ರಗಳಲ್ಲೆಲ್ಲ ಇದು ಎರಡನೆಯ ಪುಟದಲ್ಲಿತ್ತು. ಅಷ್ಟರೊಳಗೆ ನನ್ನ ಬಗ್ಗೆ ನಿಮಗೆ ಮರುಕ ಹುಟ್ಟುವ ಹಾಗೆ ಏನಾದರೂ ಬರೆದುಬಿಟ್ಟಿರುತ್ತಿದ್ದೆ.

ಆ ದಿನ ತಪಾಸಣೆಯವರು ಬಂದಿದ್ದರು. ಇಬ್ಬರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನನ್ನ ಹವಾಮಾನದ ಬಟ್ಟೆಯನ್ನು, ನನ್ನ ಮಂತ್ರಿಗಳನ್ನು ಅವರಿಗೆ ತೋರಿಸುವ ಆಸೆ ನನಗಿತ್ತು. ಅದಕ್ಕೆಂದೇ ಸರದಿ ತಪ್ಪಿಸಿ ನಿಮ್ಮ ಮಗಳನ್ನು ಮಂತ್ರಿ ಮಾಡಿದ್ದೆ. ಅವಳಷ್ಟು ಚೆನ್ನಾಗಿ ಆಕಾಶ ನೋಡುವವರು ನನ್ನ ತರಗತಿಯಲ್ಲಿ ಯಾರೂ ಇರಲಿಲ್ಲ. ಅವಳು ಕಿಟಕಿಯ ಹತ್ತಿರ ಹೋದಳು. ತುಂಬ ಹೊತ್ತು ನಿಂತಳು. ಐದು ಕಿಸೆಗಳನ್ನೂ ಬೆರಳಿಂದ ಮುಟ್ಟಿದಳು. ಆಮೇಲೆ ನನ್ನ ಮೇಜಿನ ಬಳಿ ಬಂದಳು.

"ಮಿಸ್, ಇವತ್ತಿಗೆ ಕಾರ್ಡೇ ಇಲ್ಲ."

"ಇರೋದ್ರಲ್ಲಿ ಒಂದು ಹಾಕು."

"ಯಾವುದೂ ಹೊಂದಲ್ಲ ಮಿಸ್."

"ಮೋಡ ಹಾಕು. ಹನ್ನೆರಡಾಯ್ತು, ಬಾಟ್ಲಿ ನೋಡ್ಕೊಂಡು ಬಾ."

"ಗುಡುಗ್ತಿದೆ. ಹೋಗ್ಲಾ?"

"ದೂರದಲ್ಲಿದೆ. ಹೆದರೋ ಮಂತ್ರಿ ಇರ್ತಾರಾ? ಹೋಗು, ಓಡು."

ಹಿಂದೆ ಕೂತವರು ನಕ್ಕರು. ನನಗೆ ಖುಷಿಯಾಯಿತು. ಇದನ್ನೂ ಬರೆಯಬೇಕಲ್ಲ. ಅವಳು ಮೋಡದ ಕಾರ್ಡು ಸಿಕ್ಕಿಸಿ, ಪುಸ್ತಕದಲ್ಲಿ ಏನೋ ಬರೆದು, ಓಡಿದಳು. ಬಾಟಲಿ ಇದ್ದದ್ದು ಮೈದಾನದ ನಡುವೆ, ವಾಲಿಬಾಲ್ ಬಲೆ ಕಟ್ಟುವ ಕಬ್ಬಿಣದ ಕಂಬದ ಬುಡದಲ್ಲಿ. ಗಾಳಿಗೆ ಬೀಳದಿರಲಿ ಎಂದು ಅದನ್ನು ಕಂಬಕ್ಕೆ ಕಟ್ಟಿದವಳೂ ನಾನೇ.

ಅವಳು ಹೇಳಿದ್ದು ಸರಿಯಾಗಿತ್ತು. ಕಾರ್ಡು ಇರಲಿಲ್ಲ. ಆರನೆಯ ಕಾರ್ಡು, ಗುಡುಗು ಸಿಡಿಲಿನದು, ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಹಿಂದಿನ ವರ್ಷ ಆ ಚಿತ್ರ ನೋಡಿ ಒಂದು ಮಗು ಅತ್ತಿತ್ತು, ಅದರ ತಂದೆ ಬಂದು ದೂರಿದ್ದರು. ಚಿಕ್ಕ ಮಕ್ಕಳು, ಹೆದರಿಸುವುದೇಕೆ, ವರ್ಷದ ಕೊನೆಗೆ ಹೇಳಿಕೊಟ್ಟರಾಯಿತು ಎಂದು ಎತ್ತಿಟ್ಟಿದ್ದೆ. ಬಟ್ಟೆಗೆ ಐದೇ ಕಿಸೆ ಉಳಿಸಿ ಆರನೆಯದನ್ನು ಬಿಚ್ಚಿದ್ದೆ. ಹವಾಮಾನದಲ್ಲಿ ಹೆದರಬೇಕಾದದ್ದು ಯಾವುದೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಣ್ಣಬಣ್ಣವಾಗಿ ಕಲಿಸಿದೆ.

ಆ ಸಂಜೆ ಹೆಡ್‌ಮಿಸ್ ನನ್ನನ್ನು ಕೋಣೆಗೆ ಕರೆದು "ಮಗು ನಿಮ್ಮನ್ನು ಕೇಳಿತ್ತಾ?" ಎಂದರು. ಅವರು ಹೆದರಿಸಲಿಲ್ಲ, ಒತ್ತಾಯಿಸಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ" ಎಂದೆ. ಆಗ ನಕ್ಕಿದ್ದ ತಪಾಸಣೆಯವರಿಗೂ ಹಿಂದಿನ ಬೆಂಚಿಗೆ ನಮ್ಮ ಮಾತು ಸ್ಪಷ್ಟವಾಗಿ ಕೇಳಿಸಿರಲಿಲ್ಲವಂತೆ, ಮಗು ಓಡಿದ್ದಷ್ಟೇ ಕಂಡಿತಂತೆ. ಕಾಗದ ಸಿದ್ಧವಾಯಿತು, ಸಹಿ ಹಾಕಿದೆ. ಆಗ ಅವಳಿಗೆ ಎಚ್ಚರ ಬಂದಿರಲಿಲ್ಲ. ಎಚ್ಚರ ಬಂದ ಮೇಲೆ ನಿಜ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಎಚ್ಚರವಾಗಿದೆ ಎಂದು ಕೇಳಿ ಆಸ್ಪತ್ರೆಗೆ ಬಂದೆ. ಗಾಜಿನ ಬಾಗಿಲ ಹೊರಗೆ ನಿಂತಾಗ ಅವಳ ದನಿ ಕೇಳಿಸಿತು. ನಾನು ಕೇಳ್ದೆ, ಮಿಸ್ ಹೋಗು ಅಂದ್ರು ಎಂದು ನಿಮಗೆ ಅವಳು ಹೇಳುತ್ತಿದ್ದಳು. ಹತ್ತು ಹೆಜ್ಜೆ ಯಾಕೆ ಭಾರವಾಯಿತೆಂದು ನೀವು ಕೇಳಿದ್ದಿರಿ.

ಆಮೇಲೆ ನೀವು ಪತ್ರ ಬರೆಯಲು ಹೇಳಿದಿರಿ, ಬರೆದೆ. ಮೊದಲಿನ ಸುಳ್ಳು ಹೆದರಿ ಹೇಳಿದ್ದು. ಮಂಜಿನ ಪತ್ರವನ್ನು ಮೂರು ಸಂಜೆ ಕೂತು ತಿದ್ದಿ ಬರೆದೆ. ನನ್ನ ಪಾಠವನ್ನೇ ಅವಳ ಮೇಲೆ ತಿರುಗಿಸಿದೆ.

ಕೊಯ್ದ ಹಾಳೆ ಇದರ ಜೊತೆಗಿದೆ. ಕೊಯ್ದವಳು ನಾನು. ಸುಡಲಿಲ್ಲ, ಸುಡದೆ ಇಟ್ಟುಕೊಂಡದ್ದು ಒಳ್ಳೆಯತನವೋ ಪುಕ್ಕಲುತನವೋ ನನಗೆ ಗೊತ್ತಿಲ್ಲ. ನೋಡಿ: ಸೆಪ್ಟೆಂಬರ್ ೯ ಎಂದು ಅವಳೇ ಬರೆದಿದ್ದಾಳೆ. ಚೌಕದೊಳಗೆ ಮೇಲಿಂದ ಕೆಳಕ್ಕೆ ಒಂದು ಅಂಕುಡೊಂಕು ಗೆರೆ, ಪೆನ್ಸಿಲ್ ಒತ್ತಿ ಕಾಗದ ತೂತಾಗಿದೆ. ಕೆಳಗೆ ಬರೆದಿದ್ದಾಳೆ: "ಬೆಂಕಿ ಗೆರೆ ಕಂಡೆ. ಮಿಸ್ ಮೋಡ ಅಂದ್ರು." ಓಡುವ ಮೊದಲು ಬರೆದದ್ದು. ಕಂಡದ್ದನ್ನೇ ಬರೆದಿದ್ದಾಳೆ. ಕೇಳಿದ್ದನ್ನೂ.

ನಿಮ್ಮ ಜನವರಿಯ ಪತ್ರ ಬಂದ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ನೀಲಿ ತುಟಿಯ ಸಾಲನ್ನು ಓದಿದ ಮೇಲೂ. ಅದಕ್ಕೆ ಸಮಜಾಯಿಷಿ ಇಲ್ಲ.

ಮೊನ್ನೆ ಬುಧವಾರ ಡ್ರಾಯರಿನಿಂದ ಆರನೆಯ ಕಾರ್ಡು ತೆಗೆದೆ. ಇನ್ನು ತಡಮಾಡಬಾರದು, ಪಾಠವನ್ನಾದರೂ ಮಾಡಿಬಿಡೋಣ ಎಂದು. ಸಿಡಿಲಿನ ಹೊತ್ತಲ್ಲಿ ಎಲ್ಲಿರಬೇಕು ಎಂದು ಕೇಳಿದೆ. "ಒಳಗೆ!" ಎಂದು ಇಪ್ಪತ್ತೊಂದು ಬಾಯಿ. ಮರದ ಕೆಳಗೆ? "ಇಲ್ಲ!" ಕಂಬದ ಹತ್ತಿರ? "ಇಲ್ಲ!" ನನಗೂ ಉತ್ಸಾಹ ಬಂತು. ಆಗ ಮುಂದಿನ ಬೆಂಚಿನ ಬೋಡುಬಾಯಿ, ಮುಂದಿನ ಎರಡೂ ಹಲ್ಲು ಬಿದ್ದವಳು, ಕೈ ಎತ್ತಿದಳು.

"ಮಿಸ್, ಮಿಸ್ಸೇ ಹೋಗು ಅಂದ್ರೆ?"

ಯಾರೂ ನಗಲಿಲ್ಲ. ಯಾರೂ ಅವಳ ಕಡೆ ತಿರುಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ದಿನ ನಾನು ಹೇಳಿದ್ದು ಅಷ್ಟೂ ಮಕ್ಕಳಿಗೆ ಕೇಳಿಸಿತ್ತು. ಐದು ತಿಂಗಳು ಅವರು ನನ್ನೆದುರು ಬೆಂಚಿನಲ್ಲಿ ಕೂತು ಅದನ್ನು ನುಂಗಿಕೊಂಡಿದ್ದರು, ಏಕೆಂದರೆ ದೊಡ್ಡವರು ಯಾರೂ ಅವರನ್ನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಹವಾಮಾನಕ್ಕಿಂತ ಇದನ್ನೇ ಅವರು ಚೆನ್ನಾಗಿ ಕಲಿತಿದ್ದರು.

"ಹೋಗಬಾರದು" ಎಂದೆ.

"ಗುಂಡುಪಿನ್ನು ಹೋದ್ಲಲ್ಲ."

"ನಾನು ಹೋಗು ಅಂದಿದ್ದೆ. ನಾನು ಹೇಳಿದ್ದು ತಪ್ಪು. ಅವಳು ಹೇಳಿದ್ದು ಸರಿ."

"ಹಾಗಾದ್ರೆ ಅವಳಿಗೆ ಹೇಳಿದ್ರಾ ಮಿಸ್?" ಎಂದಳು ಬೋಡುಬಾಯಿ.

ಅದಕ್ಕೇ ಈ ಪತ್ರ. ನಿಮ್ಮಲ್ಲಿ ಕ್ಷಮೆ ಕೇಳುತ್ತಿಲ್ಲ. ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವುದಕ್ಕೂ ಒಂದು ಮಿತಿ ಇರುತ್ತದೆ. ಸಹಿ ಹಾಕಿದ ಕಾಗದ ಸುಳ್ಳೆಂದು ಇನ್ನೊಂದು ಕಾಗದ ಬರೆದಿದ್ದೇನೆ. ಅದರ ಪ್ರತಿಯೂ ಇದರಲ್ಲಿದೆ. ನೀವು ಯಾರಿಗೆ ತೋರಿಸಬೇಕೋ ತೋರಿಸಿ. ನನ್ನ ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಅದರ ಯೋಚನೆ ನಿಮಗೆ ಬೇಡ.

ಒಂದು ಮಾತ್ರ ಮಾಡಿ. ಈ ಪತ್ರವನ್ನು ಅವಳ ಬಲಗಿವಿಯ ಪಕ್ಕ ಕೂತು ಗಟ್ಟಿಯಾಗಿ ಓದಿ. ಹಾಳೆಯನ್ನು ಅವಳ ಕೈಗೇ ಕೊಡಿ. ಅದು ಅವಳ ಅಕ್ಷರ, ನೋಡಿದರೆ ಗುರುತು ಸಿಗುತ್ತದೆ. ಆಮೇಲೆ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಹೊರಗೆ ಏನಿದೆ ಎಂದು ಕೇಳಿ. ಅವಳು ನಿಮ್ಮ ಮುಖ ನೋಡಿದರೆ ಹೇಳಿಕೊಡಬೇಡಿ. ಎಷ್ಟು ದಿನವಾದರೂ ಸರಿ. ಹೊದಿಕೆಗಳು ನೆನೆದರೂ ಸರಿ.

ಇವತ್ತೇ ಪೆಟ್ಟಿಗೆಗೆ ಹಾಕಬಹುದಿತ್ತು. ಆದರೆ ಈ ಹಾಳೆ ಇರುವುದು ಒಂದೇ. ಸಾದಾ ಅಂಚೆಯಲ್ಲಿ ಕಳೆದುಹೋದರೆ ನನಗೆ ಇನ್ನೊಂದು ನೆಪ ಸಿಕ್ಕಂತಾಗುತ್ತದೆ. ರಿಜಿಸ್ಟರ್ ಮಾಡಿಸಬೇಕು, ಇವತ್ತು ಅಂಚೆ ಕಚೇರಿ ಮುಚ್ಚಿಯಾಗಿದೆ, ಇನ್ನು ತೆರೆಯುವುದು ಸೋಮವಾರ ಒಂಬತ್ತಕ್ಕೆ. ಹೆಡ್‌ಮಿಸ್ ನನಗೆ ಹತ್ತಕ್ಕೆ ಬರಹೇಳಿದ್ದಾರೆ. ಮಕ್ಕಳು ಮನೆಗಳಲ್ಲಿ ಹೇಳಿದ್ದಾರೆ. ಹೆಡ್‌ಮಿಸ್ ಎದುರು ಕೂರುವ ಮೊದಲೇ ಇದು ನನ್ನ ಕೈ ಬಿಟ್ಟಿರಬೇಕು. ಕೂತ ಮೇಲೆ ನಾನೇನು ಹೇಳುವೆನೋ, ನನ್ನನ್ನು ನಾನು ನಂಬುವುದಿಲ್ಲ.

ಅವಳ ಟೀಚರ್ ಆಗಿದ್ದವಳು

ಅಂಚೆಗೆ ಹಾಕುವ ದಿನ: ಫೆಬ್ರವರಿ ೧೬, ಸೋಮವಾರ.